ಬರೀ 28 ಹೋಮ್ ರನ್ ಹೊಡೆದ ಓಜಿ ಸ್ಮಿತ್ ಯಾಕೆ ದೊಡ್ಡ ಆಟಗಾರ?

ಪ್ರಶ್ನೆ: ನಾನು ಕ್ರಿಕೆಟ್ ನೋಡಿ ಬೆಳೆದವನು, ಈಚೆಗೆ ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಓಜಿ ಸ್ಮಿತ್ ಎಂಬ ಶಾರ್ಟ್‌ಸ್ಟಾಪ್‌ನ ಹಳೆಯ ವಿಡಿಯೊಗಳನ್ನು ನೋಡಿದೆ. ಫೀಲ್ಡಿಂಗ್ ಅದ್ಭುತ, ಒಪ್ಪುತ್ತೇನೆ. ಆದರೆ 19 ಸೀಸನ್‌ನಲ್ಲಿ ಬರೀ 28 ಹೋಮ್ ರನ್ (ನಮ್ಮ ಸಿಕ್ಸರ್‌ನಂತೆ ಗೋಡೆಯಾಚೆ ಹೋಗುವ ಹೊಡೆತ), ಬ್ಯಾಟಿಂಗ್ ಸರಾಸರಿ 0.262, ಅಂದರೆ ಸಾವಿರ ಸರದಿಗೆ 262 ಹಿಟ್ (ಬ್ಯಾಟರ್‌ನನ್ನು ಬೇಸ್ ಮುಟ್ಟಿಸುವ ಹೊಡೆತ). ಇಷ್ಟಕ್ಕೇ ಹಾಲ್ ಆಫ್ ಫೇಮ್ (ಬೇಸ್‌ಬಾಲ್ ದಿಗ್ಗಜರ ಸಾಲಿನಲ್ಲಿ ಸ್ಥಾನ) ಕೊಟ್ಟರಾ? – ಮೈಸೂರಿನ ಓದುಗರು

ಉತ್ತರ: ಕೊಟ್ಟರು. ಅದೂ 2002ರಲ್ಲಿ, ಮೊದಲ ಸಲವೇ, ಶೇ 91.7ರಷ್ಟು ಮತಗಳೊಂದಿಗೆ. ನನ್ನನ್ನು ಕೇಳಿದರೆ ಅದೂ ಕಡಿಮೆಯೇ.

ಮೊದಲು ಆ ಜಾಗದ ಬಗ್ಗೆ ಹೇಳುತ್ತೇನೆ. ಶಾರ್ಟ್‌ಸ್ಟಾಪ್ ನಿಲ್ಲುವುದು ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ. ಬಲಗೈ ಬ್ಯಾಟರ್ ಎಳೆದು ಹೊಡೆದ ಚೆಂಡು ಹೆಚ್ಚಾಗಿ ಬರುವುದೇ ಅಲ್ಲಿಗೆ. ಬ್ಯಾಟರ್ 90 ಅಡಿ ಓಡಿ ಮೊದಲ ಬೇಸ್ ಮುಟ್ಟಲು ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಾಕು. ಅಷ್ಟರಲ್ಲಿ ಚೆಂಡಿನ ಹತ್ತಿರ ಹೋಗಬೇಕು, ಹಿಡಿಯಬೇಕು, ಗ್ಲೋವ್‌ನಿಂದ ಕೈಗೆ ತೆಗೆದುಕೊಳ್ಳಬೇಕು, ನೂರಡಿಗೂ ದೂರದ ಬೇಸ್‌ಗೆ ನೇರವಾಗಿ ಎಸೆಯಬೇಕು. ಒಂದು ಕ್ಷಣ ಚೆಂಡು ಕೈಯಲ್ಲಿ ತಡಕಾಡಿದರೂ ಬ್ಯಾಟರ್ ಬಚಾವ್.

ಕ್ರಿಕೆಟ್‌ನಲ್ಲಿ ಪಾಯಿಂಟ್‌ನಲ್ಲಿ ನಿಂತವನು ಒಂದು ಹೊಡೆತ ತಡೆದರೆ ಒಂದೆರಡು ರನ್ ಉಳಿಯುತ್ತದೆ. ಬ್ಯಾಟರ್ ಮಾತ್ರ ಆಡುತ್ತಲೇ ಇರುತ್ತಾನೆ. ಬೇಸ್‌ಬಾಲ್‌ನಲ್ಲಿ ಅದೇ ತಡೆ ಒಂದು ಔಟ್. ಒಂಬತ್ತು ಇನಿಂಗ್ಸ್‌ಗೆ ಒಂದು ತಂಡಕ್ಕೆ ಇರುವುದು 27 ಔಟ್ ಮಾತ್ರ. ಚೆಂಡು ಹಿಡಿದು ಎಸೆದು ಇನ್ನೊಬ್ಬರ ಕೈಯಲ್ಲಿ ಔಟ್ ಮಾಡಿಸುವುದನ್ನು ಅಸಿಸ್ಟ್ ಎನ್ನುತ್ತಾರೆ. 1980ರಲ್ಲಿ ಸ್ಯಾನ್ ಡಿಯೆಗೊ ಪ್ಯಾಡ್ರೆಸ್ ತಂಡದಲ್ಲಿದ್ದಾಗ ಸ್ಮಿತ್ ಒಂದೇ ಸೀಸನ್‌ನಲ್ಲಿ 621 ಅಸಿಸ್ಟ್ ಮಾಡಿದರು. ಪಂದ್ಯಕ್ಕೆ ಹತ್ತಿರ ಹತ್ತಿರ ನಾಲ್ಕು! ಶಾರ್ಟ್‌ಸ್ಟಾಪ್‌ಗಳಲ್ಲಿ ಇಂದಿಗೂ ಅದೇ ದಾಖಲೆ. ವೃತ್ತಿಜೀವನದ ಒಟ್ಟು 8,375 ಅಸಿಸ್ಟ್ ಕೂಡ ಆ ಜಾಗದ ದಾಖಲೆಯೇ. 1980ರಿಂದ 1992ರವರೆಗೆ ಆ ಜಾಗದ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಸತತ 13 ಸಲ ಬಂದದ್ದು ಸುಮ್ನೆ ಅಲ್ಲ. ಈಗಿನ ಲೆಕ್ಕದ ಪ್ರಕಾರ ಸಾಮಾನ್ಯ ಶಾರ್ಟ್‌ಸ್ಟಾಪ್‌ಗಿಂತ ಅವರು ಉಳಿಸಿಕೊಟ್ಟ ರನ್‌ಗಳೇ ಸುಮಾರು 240. ಹೊಡೆದ ರನ್ ಬೋರ್ಡಿನ ಮೇಲೆ ಕಾಣುತ್ತದೆ, ಉಳಿಸಿದ ರನ್ ಕಾಣುವುದಿಲ್ಲ. ಪಂದ್ಯ ಗೆಲ್ಲಿಸುವಾಗ ಎರಡಕ್ಕೂ ಬೆಲೆ ಒಂದೇ.

ನೀವು ನೋಡಿದ ವಿಡಿಯೊಗಳಲ್ಲಿ 1978ರ ಏಪ್ರಿಲ್ 20ರದ್ದು ಖಂಡಿತ ಇದ್ದಿರಬೇಕು. ಸ್ಮಿತ್‌ಗೆ ಅದು ಮೊದಲ ಸೀಸನ್. ಅಟ್ಲಾಂಟಾ ಬ್ರೇವ್ಸ್‌ನ ಜೆಫ್ ಬರೋಸ್ ಹೊಡೆದ ಚೆಂಡು ಎರಡನೇ ಬೇಸ್ ಕಡೆ ನುಗ್ಗಿತು. ಸ್ಮಿತ್ ಎಡಕ್ಕೆ ಹಾರಿದರು. ಅವರು ಗಾಳಿಯಲ್ಲಿದ್ದಾಗಲೇ ಚೆಂಡು ನೆಲಕ್ಕೆ ಬಡಿದು ದಿಕ್ಕು ಬದಲಿಸಿ ಹಿಂದಕ್ಕೆ ಪುಟಿಯಿತು. ಗ್ಲೋವ್ ಇದ್ದ ಎಡಗೈ ಮುಂದೆ ಹೋಗಿಬಿಟ್ಟಿತ್ತು. ಅವರು ಬರಿಯ ಬಲಗೈಯನ್ನು ಹಿಂದೆ ಚಾಚಿ ಚೆಂಡು ಹಿಡಿದರು, ನೆಲಕ್ಕೆ ಬಿದ್ದು ಎದ್ದು ಮೊದಲ ಬೇಸ್‌ಗೆ ಎಸೆದು ಬರೋಸ್‌ರನ್ನು ಔಟ್ ಮಾಡಿಸಿದರು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ ಅನ್ನುತ್ತದೆ.

ಆದರೆ ಸ್ಮಿತ್ ದೊಡ್ಡವರಾದದ್ದು ಇಂಥ ಸಾಹಸಗಳಿಂದ ಅಲ್ಲ ಅಂತ ನಾನು ಹೇಳುತ್ತೇನೆ. ವಿಡಿಯೊಗೆ ಸಿಗದ ನೂರಾರು ಚೆಂಡುಗಳಿವೆ. ಬೇರೆಯವರು ಹಾರಿ ಹಿಡಿಯುವ ಚೆಂಡನ್ನು ಅವರು ನಿಂತುಕೊಂಡೇ ಹಿಡಿಯುತ್ತಿದ್ದರು. ಪಿಚರ್ ಏನು ಎಸೆಯುತ್ತಾನೆ, ಬ್ಯಾಟರ್ ಯಾವ ಕಡೆ ಹೊಡೆಯುತ್ತಾನೆ ಎಂಬ ಅಂದಾಜಿನ ಮೇಲೆ ಮೊದಲ ಹೆಜ್ಜೆ ಆಗಲೇ ಬಿದ್ದಿರುತ್ತಿತ್ತು. 1985ರ ಬೇಸಿಗೆಯಲ್ಲಿ ಬಲ ಭುಜಕ್ಕೆ ಗಾಯವಾದಾಗ ಆಪರೇಷನ್ ಬೇಡ ಎಂದರು. ಭುಜದ ಸ್ನಾಯುಗಳನ್ನು ವ್ಯಾಯಾಮದಿಂದ ಗಟ್ಟಿ ಮಾಡಿಕೊಂಡರು, ಎಸೆಯುವ ರೀತಿಯನ್ನೇ ಬದಲಿಸಿದರು. ತೋಳಿನ ಬಲ ಕುಗ್ಗಿದರೂ ಚೆಂಡು ಕೈಬಿಡುವ ವೇಗದಲ್ಲಿ ಅದನ್ನು ತುಂಬಿಕೊಂಡರು. ಆಮೇಲೂ ಏಳು ಗೋಲ್ಡ್ ಗ್ಲೋವ್ ಗೆದ್ದರು ಅಂದರೆ ನೋಡಿ. 1991ರಲ್ಲಿ, 36ರ ವಯಸ್ಸಿನಲ್ಲಿ, ಇಡೀ ಸೀಸನ್‌ಗೆ ಅವರು ಮಾಡಿದ ತಪ್ಪು ಎಂಟೇ ಎಂಟು.

ಇನ್ನು ಬ್ಯಾಟಿಂಗ್. ಶುರುವಿನಲ್ಲಿ ಕಳಪೆಯೇ ಇತ್ತು, 1979ರ ಸರಾಸರಿ 0.211. 1982ರಲ್ಲಿ ಪ್ಯಾಡ್ರೆಸ್ ಅವರನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕೊಟ್ಟು, ಬದಲಿಗೆ ಒಳ್ಳೆಯ ಬ್ಯಾಟರ್ ಆಗಿದ್ದ ಗ್ಯಾರಿ ಟೆಂಪಲ್‌ಟನ್‌ರನ್ನು ತೆಗೆದುಕೊಂಡಿತು. ಅಲ್ಲಿ ಮ್ಯಾನೇಜರ್ (ತಂಡದ ಮುಖ್ಯ ಕೋಚ್) ವೈಟಿ ಹರ್ಝಾಗ್ ಒಂದು ಬಾಜಿ ಕಟ್ಟಿದರು. ಸ್ಮಿತ್ ಚೆಂಡನ್ನು ನೆಲದ ಮೇಲೆ ಹೊಡೆದರೆ ಹರ್ಝಾಗ್ ಒಂದು ಡಾಲರ್ ಕೊಡಬೇಕು, ಮೇಲಕ್ಕೆ ಹೊಡೆದರೆ ಸ್ಮಿತ್ ಒಂದು ಡಾಲರ್ ಕೊಡಬೇಕು. ಸೀಸನ್ ಮುಗಿಯುವಾಗ ಹರ್ಝಾಗ್ ಹತ್ತಿರ ಹತ್ತಿರ 300 ಡಾಲರ್ ಕಳೆದುಕೊಂಡಿದ್ದರು! ಬುಷ್ ಸ್ಟೇಡಿಯಂನಲ್ಲಿ ಆಗ ಕೃತಕ ಹುಲ್ಲು. ನೆಲದ ಮೇಲೆ ಹೊಡೆದ ಚೆಂಡು ಅಲ್ಲಿ ಜೋರಾಗಿ ಓಡುತ್ತದೆ, ವೇಗವಾಗಿ ಓಡುವ ಬ್ಯಾಟರ್‌ಗೆ ಅದೇ ಲಾಭ. ಆ ವರ್ಷವೇ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ (ಚಾಂಪಿಯನ್ ಪಟ್ಟದ ಸರಣಿ) ಗೆದ್ದಿತು. 1987ರಲ್ಲಿ ಸ್ಮಿತ್ ಒಂದೂ ಹೋಮ್ ರನ್ ಹೊಡೆಯದೆ 0.303 ಸರಾಸರಿ ಗಳಿಸಿದರು, 75 ರನ್ ತಂದುಕೊಟ್ಟರು, ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವರಾದರು. ಒಟ್ಟು 2,460 ಹಿಟ್, ಕದ್ದ ಬೇಸ್ (ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಮುಟ್ಟುವುದು) 580. ಇದನ್ನು ಸಾಧಾರಣ ಬ್ಯಾಟಿಂಗ್ ಅನ್ನುವುದು ಕಷ್ಟ, ಅಲ್ವಾ?

ಪ್ರಶ್ನೆ: ನಾವು ಸೇಂಟ್ ಲೂಯಿಸ್‌ನಲ್ಲಿದ್ದೇವೆ. ಇಲ್ಲಿನ ಹಿರಿಯರು 1985ರ ಒಂದು ಹೋಮ್ ರನ್ ಬಗ್ಗೆ ಈಗಲೂ ಹೇಳುತ್ತಾರೆ. ಅದರಲ್ಲಿ ಅಂಥದ್ದೇನಿತ್ತು? ಅವರು ಮೈದಾನದಲ್ಲಿ ಲಾಗ ಹಾಕುತ್ತಿದ್ದುದು ಯಾಕೆ?

ಉತ್ತರ: ಸ್ಮಿತ್ ಎರಡೂ ಕೈಯಿಂದ ಬ್ಯಾಟ್ ಮಾಡುತ್ತಿದ್ದರು. ಎಡಗೈ ಬ್ಯಾಟರ್ ಆಗಿ ಆವರೆಗೆ 3,009 ಸರದಿಗಳಲ್ಲಿ ಅವರ ಹೋಮ್ ರನ್ ಸೊನ್ನೆ. 1985ರ ಅಕ್ಟೋಬರ್ 14, ಲಾಸ್ ಏಂಜಲೀಸ್ ಡಾಜರ್ಸ್ ವಿರುದ್ಧ ನ್ಯಾಷನಲ್ ಲೀಗ್ ಫೈನಲ್ ಸರಣಿಯ ಐದನೇ ಪಂದ್ಯ. ಒಂಬತ್ತನೇ ಇನಿಂಗ್ಸ್, ಸ್ಕೋರ್ 2–2. ಟಾಮ್ ನೀಡನ್‌ಫ್ಯೂರ್ ಎಸೆದ ಚೆಂಡನ್ನು ಸ್ಮಿತ್ ಎಡಗೈ ಬ್ಯಾಟಿಂಗ್‌ನಲ್ಲೇ ಬಲಗಡೆಯ ಗೋಡೆಯಾಚೆ ಹೊಡೆದರು. ಪಂದ್ಯ ಅಲ್ಲಿಗೆ ಮುಗಿಯಿತು. ಯಾರಿಂದ ಅದನ್ನು ಕನಸಿನಲ್ಲೂ ನಿರೀಕ್ಷಿಸುವುದಿಲ್ಲವೋ ಅವರೇ ಹೊಡೆದದ್ದು. ಊರು ಮರೆಯದಿರುವುದು ಅದಕ್ಕೇ. ಆ ವರ್ಷದ ವರ್ಲ್ಡ್ ಸೀರೀಸ್ ಕ್ಯಾನ್ಸಸ್ ಸಿಟಿಯ ಪಾಲಾಯಿತು ಎನ್ನುವುದು ಬೇರೆ ಮಾತು.

ಲಾಗ ಶುರುವಾದದ್ದು 1978ರಲ್ಲಿ ಸ್ಯಾನ್ ಡಿಯೆಗೊದಲ್ಲಿ, ಅಭಿಮಾನಿಗಳ ದಿನದಂದು. ಆಮೇಲೆ ಸೀಸನ್‌ನ ಮೊದಲ ದಿನ, ಕೊನೆಯ ದಿನ ಜನ ಅದಕ್ಕಾಗಿ ಕಾಯತೊಡಗಿದರು. ಹುಡುಗನಾಗಿದ್ದಾಗ ಮರದ ಹೊಟ್ಟಿನ ರಾಶಿಯ ಮೇಲೆ ಜಿಗಿದು ಕಲಿತದ್ದು ಅದು.

ಪ್ರಶ್ನೆ: ನಮ್ಮ ಮಗಳಿಗೆ 12 ವರ್ಷ. ನ್ಯೂಜೆರ್ಸಿಯಲ್ಲಿ ಸಾಫ್ಟ್‌ಬಾಲ್ ತಂಡದ ಶಾರ್ಟ್‌ಸ್ಟಾಪ್. ಓಜಿ ಸ್ಮಿತ್‌ರಿಂದ ಅವಳು ಏನು ಕಲಿಯಬಹುದು?

ಉತ್ತರ: ಹಾರುವುದನ್ನಲ್ಲ, ಬರಿಗೈಯಲ್ಲಿ ಹಿಡಿಯುವುದನ್ನೂ ಅಲ್ಲ. ಸ್ಮಿತ್ ಬೆಳೆದದ್ದು ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯಲ್ಲಿ. ಮನೆ ಮುಂದಿನ ಕಾಂಕ್ರೀಟ್ ಮೆಟ್ಟಿಲಿಗೆ ಚೆಂಡು ಹೊಡೆದು, ಪುಟಿದು ಬಂದದ್ದನ್ನು ಹಿಡಿಯುತ್ತಿದ್ದರು. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹತ್ತಿರ ಬರುತ್ತಿದ್ದರು. ಹತ್ತಿರ ಬಂದಷ್ಟೂ ಯೋಚಿಸಲು ಸಮಯ ಕಡಿಮೆ. ನಿಮ್ಮ ಮಗಳಿಗೂ ಒಂದು ಗೋಡೆ, ಒಂದು ಮೆತ್ತನೆಯ ಚೆಂಡು ಸಾಕು. ಮಂಡಿ ಬಗ್ಗಿರಲಿ. ಗ್ಲೋವ್ ಮೊದಲೇ ನೆಲಕ್ಕೆ ಇಳಿದಿರಲಿ. ಕೆಳಗಿನಿಂದ ಮೇಲಕ್ಕೆ ಎತ್ತುವುದು ಸುಲಭ, ಮೇಲಿನಿಂದ ಕೆಳಕ್ಕೆ ತರುವಷ್ಟರಲ್ಲಿ ಚೆಂಡು ಕಾಲ ಸಂದಿಯಲ್ಲಿ ಹೋಗಿರುತ್ತದೆ.

ಸಾಫ್ಟ್‌ಬಾಲ್‌ನಲ್ಲಿ ಬೇಸ್‌ಗಳ ನಡುವೆ 60 ಅಡಿ ಅಷ್ಟೇ. ಹಾಗಾಗಿ ತೋಳಿನ ಬಲಕ್ಕಿಂತ ಹಿಡಿದು ಎಸೆಯುವ ನಡುವಿನ ಸಮಯವೇ ಮುಖ್ಯ. ಗೋಡೆ ಅಭ್ಯಾಸದಲ್ಲೂ ಹಿಡಿದ ತಕ್ಷಣ ಎಸೆಯುವ ಭಂಗಿಗೆ ಬರುವುದನ್ನು ರೂಢಿ ಮಾಡಿಸಿ. ಪಂದ್ಯದಲ್ಲಿ ಪ್ರತಿ ಸಲ ಪಿಚರ್ ಚೆಂಡು ಎಸೆಯುವ ಮುಂಚೆ 'ಚೆಂಡು ನನ್ನ ಕಡೆ ಬಂದರೆ ಎಲ್ಲಿಗೆ ಎಸೆಯಲಿ' ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಳ್ಳಲಿ.

ಭುಜ ನೋಯುತ್ತದೆ ಎಂದರೆ ಮಾತ್ರ ಆಡಿಸಬೇಡಿ. ಸ್ಮಿತ್ ಗಾಯದೊಂದಿಗೆ ಆಡಿದ್ದು 30 ದಾಟಿದ ಮೇಲೆ, ಬೆಳೆದ ಮೈಯಲ್ಲಿ, ತಂಡದ ವೈದ್ಯರ ಕಣ್ಣೆದುರು. 12ರ ಮಕ್ಕಳ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಎರಡು ದಿನ ವಿಶ್ರಾಂತಿ ಕೊಟ್ಟ ಮೇಲೂ ನೋವು ಉಳಿದರೆ ಮಕ್ಕಳ ವೈದ್ಯರಿಗೆ ತೋರಿಸಿ.