ಸಮನ್ಸ್ ಬಂತು ಅಂದರೆ ಕೇಸು ಅಂತಲ್ಲ

ಪ್ರಶ್ನೆ: ನನ್ನ ತಮ್ಮ 9 ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾನೆ, ಇನ್ನೂ ಇಂಡಿಯಾ ಪಾಸ್‌ಪೋರ್ಟೇ. ಮೊನ್ನೆ ಅವನಿಗೆ ಜ್ಯೂರಿ ಸಮನ್ಸ್ ಬಂದಿದೆ. 4 ವರ್ಷದ ಹಿಂದೆ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದು ದಂಡ ಕಟ್ಟಿದ್ದ, ಲೈಸೆನ್ಸೂ ಒಂದೂವರೆ ವರ್ಷ ಹೋಗಿತ್ತು. ಹಳೇ ಕೇಸು ಮತ್ತೆ ಎದ್ದಿದೆ ಅಂತ ಅಮ್ಮ ಊಟ ಬಿಟ್ಟು ಕೂತಿದ್ದಾರೆ. ಶಿಕ್ಷೆಯಾದವನು ಜ್ಯೂರಿಗೆ ಹೋಗಬಹುದಾ?
— ಓದುಗರು, ಚಿಂತಾಮಣಿ

ಉತ್ತರ: ಮೊದಲು ಅಮ್ಮನಿಗೆ ಊಟಕ್ಕೆ ಬಡಿಸಿ. ನಮ್ಮ ಕಡೆ ಸಮನ್ಸ್ ಅಂದರೆ ಎದೆ ಧಸಕ್ ಅನ್ನುತ್ತದೆ, ತಪ್ಪಲ್ಲ. ಆದರೆ ಇದು ತಮ್ಮನ ಮೇಲಿನ ಕೇಸಲ್ಲ. ಬೇರೆ ಯಾರದೋ ಕೇಸು ಕೇಳಿ, ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ಹೇಳುವ 12 ಜನರಲ್ಲಿ ಒಬ್ಬನಾಗಲು ಕರೆದಿದ್ದಾರೆ, ಅಷ್ಟೇ. ನಮ್ಮ ದೇಶದಲ್ಲೂ ಇದು ಇತ್ತು. 1959ರಲ್ಲಿ ಜ್ಯೂರಿ ಮುಂದೆ ನಡೆದ ನಾನಾವತಿ ಕೇಸು ಹಿರಿಯರಿಗೆ ನೆನಪಿರಬಹುದು.

ಇಂಡಿಯಾ ಪಾಸ್‌ಪೋರ್ಟ್ ಇದ್ದರೂ ಯಾಕೆ ಕರೆದರು ಅಂದರೆ, ಕಾಮನ್‌ವೆಲ್ತ್ ದೇಶದವರು ಅಲ್ಲಿ ನೆಲೆಸಿದ್ದರೆ ವೋಟರ್ ಲಿಸ್ಟಿಗೆ ಸೇರಬಹುದು, ಜ್ಯೂರಿಗೆ ಹೆಸರು ಎತ್ತುವುದೂ ಅದೇ ಲಿಸ್ಟಿಂದ.

ಈಗ ಅಸಲು ವಿಷಯ. ಅಲ್ಲಿನ 1974ರ ಜ್ಯೂರಿ ಕಾಯ್ದೆ ಏನು ತಪ್ಪು ಮಾಡಿದೆ ಅಂತ ಕೇಳುವುದಿಲ್ಲ, ಏನು ಶಿಕ್ಷೆ ಆಯಿತು ಅಂತ ಕೇಳುತ್ತದೆ. ಬರೀ ದಂಡ, ಲೈಸೆನ್ಸ್ ರದ್ದು ಅಷ್ಟೇ ಆಗಿದ್ದರೆ ತೊಂದರೆಯಿಲ್ಲ, ಹೋಗಬಹುದು. ಜೈಲಾಗಿದ್ದರೆ, ಆ ಶಿಕ್ಷೆಯನ್ನು ಅಮಾನತಿನಲ್ಲಿ ಇಟ್ಟಿದ್ದರೂ ಸರಿ, 10 ವರ್ಷ ಜ್ಯೂರಿಗೆ ಕೂರುವಂತಿಲ್ಲ. 5 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲಾದವರು ಜೀವನದಲ್ಲೇ ಕೂರುವಂತಿಲ್ಲ. ಸದ್ಯ ಯಾವುದಾದರೂ ಕ್ರಿಮಿನಲ್ ಕೇಸಲ್ಲಿ ಜಾಮೀನಿನ ಮೇಲಿದ್ದರೂ ಆಗುವುದಿಲ್ಲ.

ಜನ ಎಡವುವುದು ಇನ್ನೊಂದು ಕಡೆ. ಕುಡಿದು ಓಡಿಸಿದ ಕೇಸಲ್ಲಿ ಕೆಲವರಿಗೆ ಕೋರ್ಟು 'ಕಮ್ಯುನಿಟಿ ಆರ್ಡರ್' ಕೊಡುತ್ತದೆ. ಇಷ್ಟು ಗಂಟೆ ಸಂಬಳವಿಲ್ಲದೆ ಊರಿನ ಕೆಲಸ ಮಾಡು ಅನ್ನುವಂಥದ್ದು. ಜೈಲಲ್ಲವಲ್ಲ ಅಂತ ಅದನ್ನು ಯಾರೂ ಶಿಕ್ಷೆ ಅಂದುಕೊಳ್ಳುವುದೇ ಇಲ್ಲ, ಆದರೆ ಅದಕ್ಕೂ ಅದೇ 10 ವರ್ಷ! ನಿಮ್ಮ ತಮ್ಮ ನಿಮಗೆ ಹೇಳಿದ್ದು ದಂಡದ ಮಾತು ಮಾತ್ರ. ಅಕ್ಕನ ಹತ್ತಿರ ಎಲ್ಲವನ್ನೂ ಹೇಳುವ ತಮ್ಮಂದಿರು ಕಡಿಮೆ, ಅಲ್ವಾ?

ಕಾಗದ ಬಂದ 7 ದಿನದೊಳಗೆ ಅವನು ಉತ್ತರ ಕಳಿಸಬೇಕು. ಸುಮ್ನೆ ಕೂತರೆ 1000 ಪೌಂಡ್‌ವರೆಗೆ ದಂಡ ಬೀಳಬಹುದು, ಅನರ್ಹ ಅಂತ ಗೊತ್ತಿದ್ದೂ ಹೋಗಿ ಕೂತರೆ ದಂಡ ಇನ್ನೂ ಜಾಸ್ತಿ. ಹಳೇ ಕೋರ್ಟ್ ಆದೇಶ ಹುಡುಕಿ ನೋಡಿ ಬರೆಯಲಿ, ಸಿಗದಿದ್ದರೆ ಆಗ ಕೇಸು ನಡೆಸಿದ ವಕೀಲರಿಗೆ ಒಂದು ಫೋನ್ ಮಾಡಲಿ.