ಜರ್ಮನಿಗೆ ಬರುವ ತಂಗಿಗೆ: ಕೊರೋನಾ, ಲಸಿಕೆ ಮತ್ತು ಇಲ್ಲಿನ ಜನ

ನೀವು ಕೇಳಿದ್ದು ಇಷ್ಟು: "ಅಕ್ಕ, ನಮ್ಮವರಿಗೆ ಎರ್ಲಾಂಗೆನ್‌ನಲ್ಲಿ ಕೆಲಸ ಸಿಕ್ಕಿದೆ. ಮೂರು ವರ್ಷದ ಮಗಳನ್ನು ಕರಕೊಂಡು ಬರ್ತಿದ್ದೀವಿ. ಕೊರೋನಾ ಕಾಲದಲ್ಲಿ ಯುರೋಪಿನ ಜನ ಲಸಿಕೆ ಬೇಡ ಅಂತ ಬೀದಿಗಿಳಿದಿದ್ದನ್ನು ಟೀವಿಯಲ್ಲಿ ನೋಡಿದ್ದೆ. ಅಷ್ಟು ಓದಿದವರು ಹಾಗ್ಯಾಕೆ ಮಾಡಿದರು? ನಾಳೆ ಅಂಥದ್ದೇ ಇನ್ನೊಂದು ಬಂದರೆ ಅಲ್ಲಿ ನಮ್ಮ ಪಾಡೇನು?"

ಅಕ್ಕ ಅಂದಿದ್ದೀರಿ, ಅಕ್ಕನ ಹಾಗೇ ಹೇಳ್ತೀನಿ. ನಾನು ಪಕ್ಕದ ನ್ಯೂರೆಂಬರ್ಗ್‌ನಲ್ಲಿರೋದು. ಎರಡೂ ಊರಿನ ಮಧ್ಯೆ ರೈಲಿನಲ್ಲಿ ಅರ್ಧ ಗಂಟೆಯೂ ಆಗಲ್ಲ. ಕೊರೋನಾ ಶುರುವಾದ ದಿನದಿಂದ ಮಾಸ್ಕ್ ತೆಗೆದ ದಿನದವರೆಗೂ ಇಲ್ಲೇ ಇದ್ದೆ.

ಮೊದಲನೇ ಮಾತು, "ಯುರೋಪಿನ ಜನ" ಅನ್ನೋದನ್ನು ಬಿಟ್ಟುಬಿಡಿ. ಬೀದರಿನವರೂ ಮಡಿಕೇರಿಯವರೂ ಒಂದೇ ಊಟ ಮಾಡ್ತಾರೆ ಅಂದ ಹಾಗಾಗುತ್ತೆ ಅದು. ನನ್ನ ಕೆಲಸದ ಜಾಗದಲ್ಲಿ ಒಂದೇ ಮೇಜಿನ ಸುತ್ತ ಪೋರ್ಚುಗಲ್‌ನವಳು, ರುಮೇನಿಯಾದವನು, ಇಲ್ಲಿನ ಇಬ್ಬರು ಕೂತು ಊಟ ಮಾಡ್ತೀವಿ. ಲಸಿಕೆ ವಿಷಯ ಬಂದರೆ ಆ ಮೇಜಿನ ಮೇಲೇ ನಾಲ್ಕು ಅಭಿಪ್ರಾಯ.

ಶುರುವಿನಲ್ಲಿ ಮಾತ್ರ ಎಲ್ಲರೂ ಒಂದೇ ಥರ ಹೆದರಿದ್ದೆವು. 2020ರ ಜನವರಿ ಕೊನೆಗೆ ಮ್ಯೂನಿಕ್ ಹತ್ತಿರದ ಒಂದು ಕಂಪನಿಯಲ್ಲಿ ಜರ್ಮನಿಯ ಮೊದಲ ಕೇಸು ಸಿಕ್ಕಿತು, ಶಾಂಘೈನಿಂದ ಮೀಟಿಂಗಿಗೆ ಬಂದವರಿಂದ ಅಂಟಿದ್ದು. ಅದು ಅವರ ಊರಿನ ವಿಷಯ ಅಂದುಕೊಂಡು ನಾವು ಆರಾಮಾಗಿದ್ದೆವು. ಆಮೇಲೆ ಆಸ್ಟ್ರಿಯಾದ ಇಶ್ಗಲ್‌ಗೆ ಹಿಮದಲ್ಲಿ ಜಾರಾಡೋಕೆ ಹೋದವರು ಸೋಂಕನ್ನು ಊರೂರಿಗೆ ಹೊತ್ತು ತಂದರು. ಮಾರ್ಚ್ 18ರ ರಾತ್ರಿ ಇಟಲಿಯ ಬೆರ್ಗಾಮೊದಲ್ಲಿ ಶವಪೆಟ್ಟಿಗೆ ತುಂಬಿದ ಸೇನೆಯ ಲಾರಿಗಳು ಸಾಲಾಗಿ ಹೊರಟವು. ಅದೇ ಸಂಜೆ ಇಲ್ಲಿ ಆಗಿನ ಚಾನ್ಸೆಲರ್, ಅಂದರೆ ಸರ್ಕಾರದ ಮುಖ್ಯಸ್ಥೆ ಅಂಗೆಲಾ ಮರ್ಕೆಲ್ ಟೀವಿಗೆ ಬಂದು, ಪರಿಸ್ಥಿತಿ ಗಂಭೀರವಾಗಿದೆ, ನೀವೂ ಗಂಭೀರವಾಗಿ ತಗೊಳ್ಳಿ ಅಂದರು. ಆಯಮ್ಮ ಹೊಸ ವರ್ಷದ ಭಾಷಣ ಬಿಟ್ಟರೆ ಹಾಗೆ ಟೀವಿಯಲ್ಲಿ ನೇರ ಜನರ ಜೊತೆ ಮಾತಾಡಿದವರೇ ಅಲ್ಲ. ಜನ ಕೇಳಿದರು. ಜೊತೆಗೆ ಅಂಗಡಿಯಲ್ಲಿದ್ದ ಟಾಯ್ಲೆಟ್ ಪೇಪರನ್ನೆಲ್ಲ ಮನೆಗೆ ಹೊತ್ತುಕೊಂಡೂ ಹೋದರು. ಬಚ್ಚಲಲ್ಲಿ ಚೊಂಬು ಇಟ್ಟುಕೊಂಡವರು ಅದೊಂದು ವಿಷಯಕ್ಕೆ ನೆಮ್ಮದಿಯಾಗಿದ್ದೆವು ನೋಡಿ. ಇಡ್ಲಿ ಹಿಟ್ಟು ರುಬ್ಬಿ ಹುದುಗು ಬರಿಸೋ ನಮಗೆ ಅಂಗಡಿಯಲ್ಲಿ ಈಸ್ಟ್ ಖಾಲಿಯಾಗಿದ್ದೂ ತಟ್ಟಲಿಲ್ಲ.

ಜಗಳ ಶುರುವಾಗಿದ್ದು ಲಸಿಕೆ ಬಂದ ಮೇಲೆ. ಅದೂ ನೀವು ಟೀವಿಯಲ್ಲಿ ನೋಡಿದ ಥರ ಅಲ್ಲ. ಮೊದಲ ಆರು ತಿಂಗಳು ಜಗಳ ನಡೆದದ್ದು "ನನಗ್ಯಾಕೆ ಇನ್ನೂ ಸಿಕ್ಕಿಲ್ಲ" ಅಂತ. ಲಸಿಕೆ ಕಂಡುಹಿಡಿದದ್ದೇ ಈ ದೇಶದ ಮೈಂಝ್ ಊರಲ್ಲಿ; ಬಯೋಎನ್‌ಟೆಕ್ ಕಂಪನಿಯ ಉಗುರ್ ಶಾಹಿನ್ ಮತ್ತು ಓಝ್ಲೆಮ್ ತುರೆಜಿ ದಂಪತಿ ಟರ್ಕಿಯಿಂದ ಬಂದ ಮನೆತನದವರು. ಆದರೆ ಬ್ರಿಟನ್ನಿನಲ್ಲಿ ಅದೇ ಲಸಿಕೆ 2020ರ ಡಿಸೆಂಬರ್ 8ಕ್ಕೇ ಜನರ ತೋಳು ಸೇರಿತು, ಇಲ್ಲಿ ಶುರುವಾಗಿದ್ದು ಕ್ರಿಸ್‌ಮಸ್ ಕಳೆದ ಮೇಲೆ. ಆಗ ಇವರ ಬಾಯಲ್ಲಿ ಒಂದು ಹೊಸ ಮಾತು ಓಡಾಡ್ತಿತ್ತು, "ಇಂಪ್ಫ್‌ನೈಡ್", ಲಸಿಕೆಯ ಹೊಟ್ಟೆಕಿಚ್ಚು. ಎಂಬತ್ತು ದಾಟಿದವರಿಗೆ ಮೊದಲು, ಆಮೇಲೆ ಎಪ್ಪತ್ತು, ಹೀಗೆ ಪಾಳಿ. ಪಾಳಿ ತಪ್ಪಿಸಿ ಹಾಕಿಸಿಕೊಂಡ ರಾಜಕಾರಣಿಗಳ ಸುದ್ದಿ ಪೇಪರಿನಲ್ಲಿ ಬಂದರೆ ಊರೆಲ್ಲ ಅದೇ ಮಾತು.

ಈಗ ನನ್ನ ಮನೆಯ ಕಥೆ ಹೇಳ್ತೀನಿ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರೋ ಉತ್ತರ ಅದೇ.

2021ರ ಮಾರ್ಚ್ 15, ಸೋಮವಾರ. ಆಸ್ಟ್ರಾಝೆನೆಕಾ ಲಸಿಕೆ ಹಾಕಿಸಿಕೊಂಡ ಕೆಲವರಿಗೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಅಂತ ಜರ್ಮನಿ ಆ ಲಸಿಕೆಯನ್ನೇ ನಿಲ್ಲಿಸಿತು. ಮಾರನೇ ದಿನ ಅರಕಲಗೂಡಿನಿಂದ ಅಪ್ಪನ ಫೋನು. "ಇಂಜೆಕ್ಷನ್ ಹಾಕಿಸ್ಕೊಂಡ್ ಬಂದೆ ಕಣವ್ವ. ಜಾತ್ರೆ ಇದ್ದಂಗಿತ್ತು. ಇರುವೆ ಕಚ್ಚಿದಂಗಾಯ್ತು, ಅಷ್ಟೆ." ಯಾವುದು ಅಂದೆ. ಕೋವಿಶೀಲ್ಡ್ ಅಂದರು. ಅದೇ ಲಸಿಕೆ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ್ದು, ಹೆಸರಷ್ಟೇ ಬೇರೆ. ನನ್ನ ಎದುರು ಟೀವಿಯಲ್ಲಿ ಆರೋಗ್ಯ ಮಂತ್ರಿ ಅದನ್ನು ಯಾಕೆ ನಿಲ್ಲಿಸಿದೆವು ಅಂತ ವಿವರಿಸ್ತಿದ್ದರು. ನಾನು ಅಪ್ಪನಿಗೆ ಒಂದು ಮಾತೂ ಹೇಳಲಿಲ್ಲ. ಜ್ವರ ಬಂದರೆ ಡೋಲೋ ತಗೊಳ್ಳಿ ಅಂದು ಫೋನಿಟ್ಟೆ. ಆ ವಾರವೆಲ್ಲ ರಾತ್ರಿ ಎದ್ದೆದ್ದು ವಾಟ್ಸಾಪಿನಲ್ಲಿ ಅವರು ಕೊನೆಗೆ ಯಾವಾಗ ಆನ್‌ಲೈನ್ ಬಂದಿದ್ದರು ಅಂತ ನೋಡ್ತಿದ್ದೆ.

ನಾಲ್ಕು ದಿನಕ್ಕೆ ಇಲ್ಲಿ ಮತ್ತೆ ಶುರು ಮಾಡಿದರು. ಆದರೆ ಜನವರಿಯಲ್ಲಿ "65 ದಾಟಿದವರಿಗೆ ಬೇಡ, ವಯಸ್ಸಾದವರ ಮೇಲೆ ಸಾಕಷ್ಟು ಪರೀಕ್ಷೆ ಆಗಿಲ್ಲ" ಅಂದಿದ್ದ ಅದೇ ಲಸಿಕೆಯನ್ನು ಮಾರ್ಚ್ 30ಕ್ಕೆ "60 ದಾಟಿದವರಿಗೆ ಮಾತ್ರ" ಅಂದರು, ಹೆಪ್ಪುಗಟ್ಟೋ ಅಪಾಯ ಚಿಕ್ಕ ವಯಸ್ಸಿನವರಲ್ಲೇ ಹೆಚ್ಚು ಅಂತ. ಎರಡು ಸಲವೂ ಕಾರಣ ಸರಿಯಾದದ್ದೇ. ಹೊಸ ಮಾಹಿತಿ ಬಂದಾಗ ಬದಲಾಯಿಸಬೇಕಾದ್ದೇ. ಆದರೆ ನಮ್ಮ ಕೆಳಗಿನ ಮನೆಯ ಎಪ್ಪತ್ತೆರಡರ ಅಜ್ಜಿಗೆ ಕೇಳಿಸಿದ್ದು ಒಂದೇ: ಚಿಕ್ಕ ವಯಸ್ಸಿನವರಿಗೆ ಬೇಡ ಅಂದದ್ದನ್ನು ಮುದುಕರಿಗೆ ದಾಟಿಸ್ತಿದ್ದಾರೆ. ಮರ್ಕೆಲ್ ತಾವೇ ಏಪ್ರಿಲ್‌ನಲ್ಲಿ ಆಸ್ಟ್ರಾ ಹಾಕಿಸಿಕೊಂಡರೂ ಅಜ್ಜಿ ಬಗ್ಗಲಿಲ್ಲ. "ನನಗೆ ಮೈಂಝ್‌ನದ್ದೇ ಬೇಕು" ಅಂತ ಕೂತರು.

ಅಷ್ಟು ಹೊತ್ತಿಗೆ ನಮ್ಮೂರಲ್ಲಿ ಎರಡನೇ ಅಲೆ. ನಿಮಗೆ ನಾನೇನು ಹೇಳೋದು, ಆಕ್ಸಿಜನ್ನಿಗೆ ಓಡಾಡಿದ ದಿನಗಳು. ಏಪ್ರಿಲ್ 26ಕ್ಕೆ ಜರ್ಮನಿ ಭಾರತದಿಂದ ಬರೋರಿಗೆ ಬಾಗಿಲು ಹಾಕಿತು, ಇಲ್ಲಿ ನೆಲೆಸಿದವರಿಗೆ ಮತ್ತು ಇಲ್ಲಿನ ಪ್ರಜೆಗಳಿಗೆ ಮಾತ್ರ ಒಳಗೆ ಬಿಡುತ್ತಿದ್ದರು, ಅವರಿಗೂ 14 ದಿನ ಗೃಹಬಂಧನ. ಜುಲೈವರೆಗೆ ಹಾಗೇ ಇತ್ತು. ಅಪ್ಪನ ಎರಡನೇ ಡೋಸಿನ ದಿನ ಬಂದಾಗ ಆಸ್ಪತ್ರೆಯಲ್ಲಿ ಸ್ಟಾಕಿಲ್ಲ. ಮೇ ಮಧ್ಯದಲ್ಲಿ ಅಂತರವನ್ನೇ 12ರಿಂದ 16 ವಾರ ಅಂತ ಬದಲಾಯಿಸಿದರು. ಬೆಳಗಿನ ಜಾವ ಚಪ್ಪಲಿ ಇಟ್ಟು ಪಾಳಿ ಹಿಡಿದ ಮದ್ದು ಅಲ್ಲಿ. ಇಲ್ಲಿ ನಮ್ಮ ಫ್ಯಾಮಿಲಿ ಡಾಕ್ಟರ ಫ್ರಿಜ್ಜಿನಲ್ಲಿ ಅದೇ ಮದ್ದು ತಗೊಳ್ಳೋರಿಲ್ಲದೆ ಕೂತಿತ್ತು. ಮೇ 6ರಿಂದ ಯಾವ ಪಾಳಿಯೂ ಇಲ್ಲದೆ ಯಾರು ಬೇಕಾದರೂ ಆಸ್ಟ್ರಾ ಹಾಕಿಸಿಕೊಳ್ಳಬಹುದು ಅಂದರು. ಒಂದು ಸಂಜೆ ಕ್ಲಿನಿಕ್ಕಿನಿಂದ ಫೋನ್: "ಒಬ್ಬರು ಬೇಡ ಅಂದರು, ಅರ್ಧ ಗಂಟೆಯಲ್ಲಿ ಬರ್ತೀರಾ?" ಸೈಕಲ್ ಹತ್ತಿ ಹೋದೆ. ಉದ್ದದ ಕಾಗದ ಓದಿಸಿ, ಹೆಪ್ಪುಗಟ್ಟೋ ವಿಷಯ ಬಿಡಿಸಿ ಹೇಳಿ, ಸಹಿ ತಗೊಂಡು ಚುಚ್ಚಿದರು. ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿ, ನಿಮ್ಮದೇ ಹಾಕಿಸ್ಕೊಂಡೆ ಅಂದೆ. "ಅಷ್ಟ್ ದೂರ ಹೋಗಿ ಇದ್ನೇ ಹಾಕಿಸ್ಕೊಂಡ್ಯಾ" ಅಂತ ನಕ್ಕರು.

ಕೆಳಗಿನ ಮನೆ ಅಜ್ಜಿ ಕಥೆ ಹೀಗಾದರೆ, ಮೇಲಿನ ಮನೆಯವಳದು ಇನ್ನೊಂದು. ಯೋಗ ಕಲಿಸ್ತಾಳೆ, ಒಳ್ಳೆಯವಳು, ನನಗೆ ಜ್ವರ ಬಂದಾಗ ಸೂಪ್ ತಂದುಕೊಟ್ಟವಳು. ನಾನು ಲಸಿಕೆ ಹಾಕಿಸಿಕೊಂಡೆ ಅಂದಾಗ ಮುಖ ಸಪ್ಪಗಾಯಿತು. "ನೀನು ಭಾರತದವಳು, ನಿನಗಾದರೂ ಅರ್ಥವಾಗುತ್ತೆ ಅಂದುಕೊಂಡಿದ್ದೆ" ಅಂದಳು. ಅರಿಶಿನ ಹಾಲು ಕುಡಿದು ದೇಹದ ಶಕ್ತಿ ಹೆಚ್ಚಿಸಿಕೊಂಡರೆ ಸಾಕಂತೆ. ಅರಿಶಿನ ಹಾಲು ನನಗೆ ಹೇಳಿಕೊಡ್ತಾಳೆ! ನಮ್ಮಜ್ಜಿ ಅರಿಶಿನ ಹಾಲೂ ಕೊಡ್ತಿದ್ದರು, ಸಿಡುಬಿನ ಲಸಿಕೆಗೆ ಮಕ್ಕಳ ತೋಳನ್ನೂ ಒಡ್ಡುತ್ತಿದ್ದರು, ಎರಡಕ್ಕೂ ಜಗಳ ಕಂಡವರಲ್ಲ ಅಂದೆ. ಅವಳಿಗದು ಹಿಡಿಸಲಿಲ್ಲ. ಇಂಥವರನ್ನು ನೀವು ಇಲ್ಲಿ ಬೇಕಾದಷ್ಟು ನೋಡ್ತೀರಿ. ಹೋಮಿಯೋಪಥಿ ಹುಟ್ಟುಹಾಕಿದ ಹಾನೆಮನ್ ಈ ದೇಶದವರೇ, ಸ್ಯಾಕ್ಸನಿಯ ಮೈಸೆನ್ ಊರಿನವರು. ಇಲ್ಲಿ ಔಷಧಿ ಅಂಗಡಿಗೆ ಹೋದರೆ ಒಂದು ಕಪಾಟು ತುಂಬ ಸಕ್ಕರೆ ಗುಳಿಗೆ. ಓದಿದವರಲ್ಲ ಅಂತಲ್ಲ, ಓದಿಕೊಂಡವರೇ ಇವರೆಲ್ಲ.

ಸ್ಯಾಕ್ಸನಿ ಅಂದೆನಲ್ಲ, ಜರ್ಮನಿಯಲ್ಲಿ ಕೊರೋನಾ ಲಸಿಕೆ ಎಲ್ಲಕ್ಕಿಂತ ಕಡಿಮೆ ಆದದ್ದು ಆ ರಾಜ್ಯದಲ್ಲೇ. ಎಲ್ಲಕ್ಕಿಂತ ಹೆಚ್ಚು ಬ್ರೆಮೆನ್‌ನಲ್ಲಿ. ಸ್ಯಾಕ್ಸನಿ ಹಳೆಯ ಪೂರ್ವ ಜರ್ಮನಿಯ ಭಾಗ. ಅಲ್ಲಿ ಕಮ್ಯುನಿಸ್ಟ್ ಸರ್ಕಾರವಿದ್ದಾಗ ಲಸಿಕೆ ಕಡ್ಡಾಯ, ಎಲ್ಲರೂ ತೋಳೊಡ್ಡಲೇಬೇಕಿತ್ತು. ಅಂಥ ಕಡೆ ಬೆಳೆದವರು ಈಗ ಬೇಡ ಅಂದದ್ದು ಯಾಕೆ? ನನಗನ್ನಿಸೋದು, ಅವರು ನೋಡ್ತಿದ್ದದ್ದು ಸೂಜಿಯನ್ನಲ್ಲ, ಸೂಜಿ ಹಿಡಿದ ಕೈ ಯಾರದು ಅಂತ.

ನನ್ನ ಊಟದ ಮೇಜಿನಲ್ಲೂ ಅದೇ ಕಂಡೆ. ಪೋರ್ಚುಗಲ್‌ನಲ್ಲಿ ಪಾಳಿ ತಪ್ಪಿಸಿದವರ ಹಗರಣವಾಗಿ ಲಸಿಕೆಯ ಉಸ್ತುವಾರಿಯನ್ನು ಗೋವೆಯಾ ಇ ಮೇಲೊ ಅನ್ನೋ ನೌಕಾಪಡೆ ಅಧಿಕಾರಿಗೆ ಕೊಟ್ಟರು, ಸಬ್‌ಮರೀನ್ ನಡೆಸಿದ ಮನುಷ್ಯ. ಸೇನೆಯ ಸಮವಸ್ತ್ರದಲ್ಲೇ ಓಡಾಡಿದ. ಆ ವರ್ಷದ ಜನವರಿಯಲ್ಲಿ ಲಿಸ್ಬನ್ ಆಸ್ಪತ್ರೆಗಳ ಮುಂದೆ ಆಂಬುಲೆನ್ಸ್‌ಗಳು ಸಾಲು ನಿಂತಿದ್ದನ್ನು ಜನ ಕಣ್ಣಾರೆ ನೋಡಿದ್ದರು. ಅಕ್ಟೋಬರ್ ಹೊತ್ತಿಗೆ ನೂರಕ್ಕೆ 85 ಜನರದ್ದು ಪೂರ್ತಿಯಾಗಿತ್ತು. ನನ್ನ ಸಹೋದ್ಯೋಗಿ ಹೇಳೋದು: "ಪೋಲಿಯೋ ಬಂದ ಮಕ್ಕಳನ್ನು ನಮ್ಮಮ್ಮ ನೋಡಿದ್ದಾಳೆ. ನಮ್ಮನೇಲಿ ಇದರ ಚರ್ಚೆಯೇ ಇಲ್ಲ." ರುಮೇನಿಯಾದವನ ತಾಯಿ ಹಳ್ಳಿಯಲ್ಲಿ ಕೊನೆಗೂ ಹಾಕಿಸಿಕೊಳ್ಳಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಅಲ್ಲಿ ಐಸಿಯು ತುಂಬಿ ರೋಗಿಗಳನ್ನು ಹಂಗೇರಿಗೆ ಸಾಗಿಸಿದರು. "ಸರ್ಕಾರ ಪುಕ್ಕಟೆ ಕೊಟ್ಟರೆ ನಮ್ಮೋರು ಮೊದಲು ಕೇಳೋದು, ಇದರಲ್ಲಿ ಯಾರಿಗೆಷ್ಟು ಲಾಭ ಅಂತ" ಅಂದ. ಅವನ ಧ್ವನಿಯಲ್ಲಿ ನಾಚಿಕೆ ಇತ್ತು, ಸಿಟ್ಟೂ ಇತ್ತು. ಅಲ್ಲಿ ನೂರಕ್ಕೆ 40ರ ಆಸುಪಾಸಿಗೆ ನಿಂತಿತು. ಬಲ್ಗೇರಿಯಾದಲ್ಲಿ ಇನ್ನೂ ಕಡಿಮೆ, 30ರ ಹತ್ತಿರ.

ಫ್ರಾನ್ಸಿನವರು ಬೈತಾ ಬೈತಾ ಹಾಕಿಸಿಕೊಂಡರು. 2021ರ ಜುಲೈ 12ಕ್ಕೆ ಅಧ್ಯಕ್ಷ ಮಾಕ್ರೋನ್ ಟೀವಿಯಲ್ಲಿ, ಇನ್ನು ಕೆಫೆಗೆ, ರೈಲಿಗೆ ಹೋಗಬೇಕಾದರೆ ಲಸಿಕೆ ಇಲ್ಲವೇ ನೆಗೆಟಿವ್ ಟೆಸ್ಟಿನ ಪಾಸ್ ತೋರಿಸಬೇಕು ಅಂದದ್ದೇ ತಡ, ಒಂದೇ ದಿನದೊಳಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಸ್ಲಾಟ್ ಹಿಡಿದರು. ಕಾಫಿ ಬಿಡಕ್ಕಾಗುತ್ಯೇ! ಡೆನ್ಮಾರ್ಕ್‌ನವರು ಆಸ್ಟ್ರಾವನ್ನು ಪೂರ್ತಿ ಕೈಬಿಟ್ಟರು, ಆದರೂ ಜನ ಬೇರೆ ಲಸಿಕೆ ಹಾಕಿಸಿಕೊಂಡರು, ಗಲಾಟೆ ಕಡಿಮೆ. ಆಸ್ಟ್ರಿಯಾ 2022ರ ಫೆಬ್ರವರಿಯಲ್ಲಿ ದೊಡ್ಡವರಿಗೆಲ್ಲ ಕಡ್ಡಾಯ ಅಂತ ಕಾನೂನೇ ತಂದು, ಒಬ್ಬರಿಗೂ ದಂಡ ಹಾಕುವ ಮೊದಲೇ ಮಾರ್ಚ್‌ನಲ್ಲಿ ತಡೆಹಿಡಿದು, ಬೇಸಿಗೆಯಲ್ಲಿ ರದ್ದು ಮಾಡಿತು. ಜರ್ಮನಿಯಲ್ಲಿ 60 ದಾಟಿದವರಿಗೆ ಕಡ್ಡಾಯ ಮಾಡೋ ಮಸೂದೆ ಏಪ್ರಿಲ್‌ನಲ್ಲಿ ಸಂಸತ್ತಿನಲ್ಲೇ ಬಿದ್ದುಹೋಯಿತು.

ನೀವು ಟೀವಿಯಲ್ಲಿ ನೋಡಿದ್ದು ಬಹುಶಃ ಆ ಚಳಿಗಾಲದ್ದು. ಸೋಮವಾರ ಸಂಜೆ ಊರೂರಲ್ಲಿ ನೂರಾರು ಜನ ಮೇಣದಬತ್ತಿ ಹಿಡಿದು ನಡೀತಿದ್ದರು. ಮೆರವಣಿಗೆಗೆ ಅನುಮತಿ ಬೇಕಲ್ಲ, ಅದಕ್ಕೆ "ವಾಕಿಂಗ್ ಬಂದಿದ್ದೀವಿ" ಅನ್ನೋರು. ಅದರಲ್ಲಿ ನನ್ನ ಮೇಲಿನ ಮನೆಯವಳೂ ಇದ್ದಳು, ಅವಳ ಪಕ್ಕದಲ್ಲೇ ನಮ್ಮಂಥ ಬಣ್ಣದವರನ್ನು ಕಂಡರಾಗದ ಬೋಳುತಲೆಯ ಹುಡುಗರೂ ಇದ್ದರು. ಅವಳಿಗೆ ಅದನ್ನು ಹೇಳಿದೆ. ಎರಡು ವಾರ ಮಾತು ಬಿಟ್ಟಳು. ಈಗ ಚೆನ್ನಾಗಿದ್ದೀವಿ, ಆದರೆ ಆ ವಿಷಯ ನಾನೂ ಎತ್ತಲ್ಲ, ಅವಳೂ ಎತ್ತಲ್ಲ. ನೀವೂ ಹೊಸ ಆಫೀಸಿನಲ್ಲಿ ಎತ್ತಬೇಡಿ. ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಇನ್ನೂ ಆ ಜಗಳದಿಂದ ಹೊರಬಂದಿಲ್ಲ.

ನಿಮ್ಮ ಪಾಡೇನು ಅಂದಿರಿ. ಭಾಷೆ ಬರದ ಮೊದಲ ವರ್ಷ ಕಷ್ಟ, ನಿಯಮ ಪ್ರತಿ ವಾರ ಬದಲಾದರೆ ಇನ್ನೂ ಕಷ್ಟ. ಅದಕ್ಕೇ ಬಂದ ತಕ್ಷಣ ಒಬ್ಬ ಫ್ಯಾಮಿಲಿ ಡಾಕ್ಟರನ್ನು ಹಿಡಿದುಕೊಳ್ಳಿ, ಕಾಯಿಲೆ ಬಂದ ಮೇಲೆ ಹುಡುಕಿದರೆ "ಹೊಸಬರನ್ನು ತಗೊಳ್ಳಲ್ಲ" ಅಂತಾರೆ. ಈಗ ಮಾಸ್ಕ್ ಹಾಕೋರು ಅಪರೂಪ, ಹಾಕಿದರೆ ಯಾರೂ ಏನೂ ಅನ್ನಲ್ಲ. ಆದರೆ ಕೆಮ್ಮುತ್ತಾ ಆಫೀಸಿಗೆ ಹೋದರೆ ಮನೆಗೆ ಹೋಗು ಅಂತಾರೆ, ಅದು ಬೈಗುಳ ಅಲ್ಲ, ರಜೆ ಹಾಕಿ. ಆರು ವಾರದವರೆಗೆ ಪೂರ್ತಿ ಸಂಬಳ ಬರುತ್ತೆ. ಕೆಲಸಕ್ಕೆ ಸೇರಿದ ಮೊದಲ ನಾಲ್ಕು ವಾರಕ್ಕೆ ಮಾತ್ರ ಕಂಪನಿ ಕೊಡಬೇಕಾಗಿಲ್ಲ, ಆಗ ವಿಮೆಯವರು ಕೊಡ್ತಾರೆ, ಸ್ವಲ್ಪ ಕಡಿಮೆ. ನಿಮ್ಮವರಿಗೆ ಹೇಳಿಡಿ.

ಮಗಳದ್ದು ಮುಖ್ಯ. ಕಿಟಾ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಸೇರಿಸಬೇಕಾದರೆ ದಡಾರದ ಲಸಿಕೆ ಎರಡೂ ಡೋಸ್ ಆಗಿರೋ ದಾಖಲೆ ಬೇಕೇ ಬೇಕು, 2020ರ ಮಾರ್ಚ್‌ನಿಂದ ಕಾನೂನು. ಕೊರೋನಾ ಲಸಿಕೆಗೆ ಕಡ್ಡಾಯ ಬೇಡ ಅಂದ ದೇಶ ಇದಕ್ಕೆ ಮಾತ್ರ ಬಿಡಲ್ಲ. ಅವಳ ತೋಳಿನಲ್ಲಿ ಬಿಸಿಜಿ, ಅಂದರೆ ಕ್ಷಯದ ಲಸಿಕೆಯ ಕಲೆ ನೋಡಿ ಇಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರು ಇದೇನು ಅಂತ ಕೇಳಬಹುದು. 1998ರಿಂದ ಇಲ್ಲಿ ಆ ಲಸಿಕೆ ಹಾಕೋದು ಬಿಟ್ಟಿದ್ದಾರೆ. ಹೊರಡೋ ಮೊದಲು ಮಕ್ಕಳ ಡಾಕ್ಟರ ಹತ್ತಿರ ಎಲ್ಲ ಲಸಿಕೆಯ ತಾರೀಕು ಇಂಗ್ಲಿಷಿನಲ್ಲಿ ಬರೆಸಿ, ಸೀಲು ಹಾಕಿಸಿ. ಇಲ್ಲಿ ಅದನ್ನು ನೋಡಿ ಒಂದು ಹಳದಿ ಪುಸ್ತಕಕ್ಕೆ ಏರಿಸ್ತಾರೆ. ಆ ಕಾಗದವನ್ನೂ ತಾಯಿ ಕಾರ್ಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ನನ್ನ ನಾದಿನಿ ಮಾವಿನಕಾಯಿ ಉಪ್ಪಿನಕಾಯಿ ಜೊತೆ ಸೂಟ್‌ಕೇಸಿಗೆ ಹಾಕಿ ತಂದಳು. ಎಣ್ಣೆ ಸೋರಿ ಎರಡನೇ ಡೋಸಿನ ತಾರೀಕೇ ಮಾಯ. ಡಾಕ್ಟರು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿಯೂ ನೋಡಿದರು, ಕೊನೆಗೆ ಮಗುವಿಗೆ ಇನ್ನೊಂದು ಸಲ ಚುಚ್ಚಿ ಕಳಿಸಿದರು.