ಐತಿಹಾಸಿಕ ಪತ್ತೇದಾರಿ ಕಥೆ ಹುಟ್ಟಿದ್ದೆಲ್ಲಿ, ಓದುಗರಿಗೆ ಅದು ಯಾಕೆ ಇಷ್ಟ? ಶಿರಸಿ-ಕುಮಟಾ ಕಡೆಯ ಕಥೆಯಾಗಿ ಬರೆಯಬಹುದೇ?

ಖಂಡಿತ ಬರೆಯಬಹುದು. ನಮ್ಮ ಜಿಲ್ಲೆ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಹುಟ್ಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಮೆಲ್ವಿಲ್ ಡೇವಿಸನ್ ಪೋಸ್ಟ್ 1911ರಿಂದ ಬರೆದ ಅಂಕಲ್ ಆಬ್ನರ್ ಕಥೆಗಳು ಅಲ್ಲಿನ ಅಂತರ್ಯುದ್ಧಕ್ಕೂ ಹಿಂದಿನ ವರ್ಜೀನಿಯಾದಲ್ಲಿ ನಡೆಯುತ್ತವೆ. 1944ರಲ್ಲಿ ಅಗಾಥಾ ಕ್ರಿಸ್ಟಿ ನಾಲ್ಕು ಸಾವಿರ ವರ್ಷ ಹಿಂದಿನ ಈಜಿಪ್ಟಿನ ಒಂದು ಕುಟುಂಬದೊಳಗಿನ ಕೊಲೆಗಳ ಕಥೆ ಬರೆದರು. ಡಚ್ ರಾಜತಾಂತ್ರಿಕ ರಾಬರ್ಟ್ ವಾನ್ ಗುಲಿಕ್ 1949ರಲ್ಲಿ ಹಳೆಯ ಚೀನೀ ಕಾದಂಬರಿಯೊಂದನ್ನು ಅನುವಾದಿಸಿ, ಆಮೇಲೆ ಅದರ ನ್ಯಾಯಾಧಿಕಾರಿ ಡೀಯನ್ನೇ ನಾಯಕನಾಗಿಸಿ ಸ್ವಂತ ಕಥೆಗಳನ್ನು ಬರೆದರು. ಹಳೆಯ ಚೀನೀ ಕಥೆಗಳಲ್ಲಿ ಕೊಲೆಗಾರನನ್ನು ಮೊದಲೇ ಹೇಳಿಬಿಡುತ್ತಿದ್ದರು, ದೆವ್ವವೂ ಬಂದು ಸುಳಿವು ಕೊಡುತ್ತಿತ್ತು. ಇವೆರಡನ್ನೂ ಆದಷ್ಟು ಬದಿಗಿಟ್ಟು ಅವರು ವಿಚಾರಣೆಗೇ ಒತ್ತು ಕೊಟ್ಟರು. ಈ ಬಗೆಯ ಕಥೆ ಮನೆಮಾತಾದದ್ದು 1977ರಲ್ಲಿ ಎಲ್ಲಿಸ್ ಪೀಟರ್ಸ್ ಅವರ ಕ್ಯಾಡ್‌ಫೇಲ್ ಬಂದ ಮೇಲೆ. ಅವನು ಹನ್ನೆರಡನೆಯ ಶತಮಾನದ ಕ್ರೈಸ್ತ ಮಠವೊಂದರಲ್ಲಿ ಔಷಧಿ ತೋಟ ನೋಡಿಕೊಳ್ಳುವ ಸನ್ಯಾಸಿ.

ಆಕರ್ಷಣೆಯ ಗುಟ್ಟು ಹಳೆಯ ಕಾಲದ ಉಡುಗೆ ತೊಡುಗೆಯಲ್ಲಿಲ್ಲ, ಪತ್ತೆ ಮಾಡುವವರ ಕೈ ಬರಿದಾಗಿರುವುದರಲ್ಲಿದೆ ಎಂದು ನಾನು ನಂಬಿದ್ದೇನೆ. ಕ್ಯಾಮೆರಾ ಇಲ್ಲ, ಫೋನಿನ ದಾಖಲೆ ಇಲ್ಲ. ಅವರು ನೋಡಿದ್ದನ್ನೇ ಓದುಗನೂ ನೋಡುತ್ತಾನೆ, ಅವರಷ್ಟೇ ಯೋಚಿಸಬೇಕಾಗುತ್ತದೆ.

ಹಾಗಾಗಿ ಕಥೆ ಕಟ್ಟುವ ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಭಾರತೀಯ ದಂಡ ಸಂಹಿತೆ ಜಾರಿಗೆ ಬಂದದ್ದೂ ಅದೇ ವರ್ಷ. ಸಾಕ್ಷ್ಯ ಕಾಯಿದೆ 1872ರದು. ಕಲ್ಕತ್ತದಲ್ಲಿ ಬೆರಳಚ್ಚು ವಿಭಾಗ ಶುರುವಾದದ್ದು 1897ರಲ್ಲಿ. ಈ ಕೊನೆಯ ಎರಡು ಇಸವಿಗಳ ನಡುವಿನ 25 ವರ್ಷ ಬಂಗಾರದಂಥ ಕಾಲ. ಕಾನೂನು ಕಟ್ಟುನಿಟ್ಟಾಗಿದೆ, ವಿಜ್ಞಾನ ಇನ್ನೂ ಘಟ್ಟ ಹತ್ತಿಲ್ಲ. ಜೊತೆಗೆ ಮುಂಬಯಿ ಪ್ರಾಂತದ ಗೆಜೆಟಿಯರಿನ ಹದಿನೈದನೆಯ ಸಂಪುಟ, ಎರಡು ಭಾಗಗಳಲ್ಲಿ, ಪೂರ್ತಿ ನಮ್ಮ ಜಿಲ್ಲೆಯದೇ, 1883ರದು. ಬೆಳೆ, ಬಂದರು, ದಾರಿ, ಜಾತಿಗಳು ಎಲ್ಲ ಅದರಲ್ಲಿವೆ. ಬರೆಯುವ ಮುನ್ನ ಅದನ್ನು ಓದಲೇಬೇಕು.

ವಿಷಕ್ಕೆ ದೂರ ಹೋಗಬೇಕಾಗಿಲ್ಲ, ಕಾಸರಕದ ಮರ ಇಲ್ಲೇ ಬೆಳೆಯುತ್ತದೆ. ಅದರ ಬೀಜದ ವಿಷ ಮೈ ಸೆಟೆಸುತ್ತದೆ. ನೋಡಿದವರು ಧನುರ್ವಾಯು ಎಂದುಕೊಳ್ಳಬಹುದು. ಆದರೆ ಅದು ವಿಪರೀತ ಕಹಿ. ಪಾಯಸದಲ್ಲಿ ಬೆರೆಸಿದರು ಎಂದು ಬರೆದರೆ ಕಥೆ ಅಲ್ಲೇ ಸತ್ತಿತು. ಕಷಾಯದಲ್ಲಾದರೆ ನಂಬುವಂತಿದೆ, ಕಹಿ ಕಷಾಯ ಯಾರು ಕಾಸಿದರು ಎಂಬ ಪ್ರಶ್ನೆಯೂ ತಾನಾಗಿ ಹುಟ್ಟುತ್ತದೆ. ಪಾಷಾಣ, ಅಂದರೆ ಆರ್ಸೆನಿಕ್ ಆದರೆ ವಾಂತಿಭೇದಿ ಎಂದು ತೋರುತ್ತದೆ. ಅದನ್ನು ಪತ್ತೆ ಹಚ್ಚುವ ಪರೀಕ್ಷೆ 1836ರಿಂದಲೇ ಗೊತ್ತಿತ್ತು, ಆದರೆ ಹೊಟ್ಟೆಯ ಅಂಶವನ್ನು ಬಾಟಲಿಯಲ್ಲಿ ಮುಂಬಯಿಗೆ ಕಳಿಸಬೇಕು. ಆಷಾಢದಲ್ಲಿ ಮಚವೆಗಳು, ಅಂದರೆ ಸರಕಿನ ಹಾಯಿದೋಣಿಗಳು, ದಡ ಹತ್ತಿರುತ್ತವೆ. ವರದಿ ಬರುವವರೆಗೆ ಕೊಲೆಗಾರ ಊರಲ್ಲೇ ಓಡಾಡಿಕೊಂಡಿರುತ್ತಾನೆ.

ಎಲ್ಲರೂ ಎಡವುವುದು ಹೊತ್ತಿನ ಲೆಕ್ಕದಲ್ಲಿ. ಹಳ್ಳಿಯಲ್ಲಿ ಗಡಿಯಾರವಿಲ್ಲದಾಗ "ಎಂಟೂ ಹತ್ತಕ್ಕೆ ಅವನು ಇಲ್ಲಿದ್ದ" ಎಂಬ ಹೇಳಿಕೆ ನಿಲ್ಲುವುದಿಲ್ಲ. ಬದಲಿಗೆ ಸಮುದ್ರವನ್ನು ಬಳಸಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆಯಂದು ಉಬ್ಬರವಿದ್ದ ಹೊತ್ತಿಗೆ ಅಷ್ಟಮಿಯಂದು ಹೆಚ್ಚುಕಡಿಮೆ ಇಳಿತವಿರುತ್ತದೆ. ತುಂಬಿದ ಮಚವೆ ಅಳಿವೆಯ ಮರಳುದಿಬ್ಬ ದಾಟಲು ಉಬ್ಬರ ಬೇಕು. ಆ ರಾತ್ರಿ ಮಾಲು ಹೇರಿಕೊಂಡು ಒಳಗೆ ಬಂದೆ ಎನ್ನುವವನ ಸುಳ್ಳನ್ನು ಪಂಚಾಂಗದ ತಿಥಿಯೇ ಬಯಲು ಮಾಡುತ್ತದೆ.

ಪತ್ತೆ ಮಾಡುವವರು ಯಾರು? ಪೊಲೀಸ್ ಅಧಿಕಾರಿಯಾದ ಫೌಜದಾರನಿಗೆ ಅಧಿಕಾರವಿದೆ, ಆದರೆ ಜಗಲಿ ದಾಟಿ ಒಳಗೆ ಹೋದರೆ ಮನೆಯವರು ಬಾಯಿ ಬಿಡುವುದಿಲ್ಲ. ನಾನಾದರೆ ಸೂಲಗಿತ್ತಿಯನ್ನು ಆರಿಸಿಕೊಳ್ಳುತ್ತೇನೆ. ಅವಳು ಬಾಣಂತಿ ಕೋಣೆಯವರೆಗೂ ಹೋಗುತ್ತಾಳೆ, ಬೇರುನಾರು ಬಲ್ಲಳು, ಯಾವ ಮನೆಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದೂ ಗೊತ್ತು. ಅವಳ ಮಾತಿಗೆ ಕಚೇರಿಯಲ್ಲಿ ಬೆಲೆ ಸಿಗುವುದು ಕಷ್ಟ, ಆದ್ದರಿಂದ ಊರಿನ ಪೊಲೀಸ್ ಪಟೇಲನನ್ನು ಜೊತೆಗಿಡಿ. ಅವಳ ಬಾಯಲ್ಲಿ ಇಂದಿನ ಭಾಷಣ ಮಾತ್ರ ಬೇಡ. ಅವಳಿಗೂ ಮಡಿ-ಮೈಲಿಗೆಯ ನಂಬಿಕೆಯಿರಲಿ, ಅದರೊಳಗೇ ದಾರಿ ಹುಡುಕಲಿ.

ಕೊನೆಯ ಅಧ್ಯಾಯದಲ್ಲಿ ಕೊಲೆಗಾರ ಜಗಲಿಯ ಮೇಲೆ ಕುಸಿದು ಫೌಜದಾರನ ಮುಂದೆ ಎಲ್ಲ ಒಪ್ಪಿಕೊಳ್ಳುವ ದೃಶ್ಯ ಬರೆಯಲು ಕೈ ತುರಿಸುತ್ತದೆ. ಆದರೆ 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮಿನಂತೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವ ಹಾಗಿರಲಿಲ್ಲ. ಮ್ಯಾಜಿಸ್ಟ್ರೇಟರ ಎದುರು ಹೇಳಿಸಿ, ಇಲ್ಲವೇ ಕಷಾಯದ ಪಾತ್ರೆ, ತಿಥಿ, ಮುಂಬಯಿಯ ವರದಿ ಇವಿಷ್ಟರಿಂದಲೇ ಕಾರವಾರದ ಜಿಲ್ಲಾ ನ್ಯಾಯಾಧೀಶರನ್ನು ಒಪ್ಪಿಸಿ.